ವಾಗ್ದಾನದ ಕಾರ್ಡಿನ ವಚನ, ಕೂಟದ ಪ್ರವಾದನೆ: ಪರಿಶೋಧಿಸುವುದು ಹೇಗೆ?

ಪ್ರಶ್ನೆ | ಯೌವನಸ್ಥರ ಕೂಟ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ಯೌವನಸ್ಥರ ಸತ್ಯವೇದ ಅಧ್ಯಯನಕ್ಕೆ 1 ಥೆಸಲೋನಿಕ 5:21 ತೆಗೆದುಕೊಂಡಿದ್ದೇವೆ. ಎಲ್ಲವನ್ನೂ ಪರಿಶೋಧಿಸಿ ಒಳ್ಳೇದನ್ನು ಭದ್ರವಾಗಿ ಹಿಡಿದುಕೊಳ್ಳಿರಿ ಅನ್ನುವ ಮಾತಿಗೆ ಎಲ್ಲರೂ ಆಮೆನ್ ಹೇಳುತ್ತಾರೆ. ಆದರೆ ಪರಿಶೋಧಿಸುವುದೆಂದರೆ ಸತ್ಯವೇದ ಬಿಚ್ಚಿ ಮೊದಲು ಏನು ಮಾಡಬೇಕು ಎಂದು ಕೇಳಿದರೆ ಉತ್ತರ ಸಿಗುತ್ತಿಲ್ಲ. ಮೂರು ಸಂಗತಿ ಕೇಳಬೇಕಿದೆ.

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಎತ್ತಿಕೊಳ್ಳುವ ವಾಗ್ದಾನದ ಕಾರ್ಡಿನಲ್ಲಿ ಯೆರೆಮೀಯ 29:11 (ನಿಮ್ಮ ವಿಷಯದಲ್ಲಿ ನನ್ನ ಯೋಚನೆ ಕೇಡಿನದಲ್ಲ, ಹಿತದ್ದು, ನಿಮಗೆ ನಿರೀಕ್ಷೆ ಕೊಡುವಂಥದು ಎಂಬ ವಚನ) ಬಂದರೆ, ಅದು ಈ ವರ್ಷ ನನಗೇ ಕೊಟ್ಟ ಮಾತು ಎಂದು ಹಿಡಿದುಕೊಳ್ಳಬಹುದೇ? ಕೂಟದಲ್ಲಿ ಯಾರಾದರೂ "40 ದಿನದೊಳಗೆ ನಿನ್ನ ಕೆಲಸ ಆಗುತ್ತದೆ ಅಂತ ದೇವರು ಹೇಳುತ್ತಿದ್ದಾರೆ" ಅಂದರೆ ಅದನ್ನು ಅಳೆಯುವುದು ಹೇಗೆ? ಅಳೆಯಲು ಹೊರಟವರಿಗೆ "ಅಭಿಷಿಕ್ತರನ್ನು ಮುಟ್ಟಬೇಡ" ಎಂಬ ವಚನ ತೋರಿಸಿದರೆ ಏನು ಹೇಳಬೇಕು?

ಉತ್ತರ | ಬೆರೋಯದ ಓದು

ಮೊದಲನೆಯದನ್ನು ನಾನು ತೆಗೆದುಕೊಳ್ಳುತ್ತೇನೆ. ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ವಚನ ಸಿಗಲಾರದು.

ಕಾರ್ಡನ್ನು ಪಕ್ಕಕ್ಕಿಟ್ಟು ಯೆರೆಮೀಯ 27, 28, 29 ಈ ಮೂರು ಅಧ್ಯಾಯಗಳನ್ನು ಒಂದೇ ಬಾರಿಗೆ ಗಟ್ಟಿಯಾಗಿ ಓದಿಸಿ. ಒಟ್ಟು 71 ವಚನ, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಓದುವಾಗ ಒಬ್ಬರು ಹಾಳೆಯ ಮೇಲೆ ನಾಲ್ಕೇ ಸಂಗತಿ ಗುರುತಿಸಲಿ: ಮಾತಾಡುವವರು ಯಾರು, ಯಾರಿಗೆ, ಯಾವಾಗ, ಈ ಮಾತು ಯಾಕೆ ಬೇಕಾಯಿತು.

ಆಗ ಕಾಣುವುದು ಇದು. 29ನೇ ಅಧ್ಯಾಯ ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಒಯ್ದ ಜನರಿಗೆ ಯೆರೆಮೀಯ ಬರೆದದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು 5ರಿಂದ 7ನೇ ವಚನಗಳು ಹೇಳುತ್ತವೆ. ಅಂದರೆ, ಬೇಗ ವಾಪಸ್ ಬರುವುದಿಲ್ಲ. 10ನೇ ವಚನದಲ್ಲಿ ಅವಧಿಯೂ ಇದೆ: 70 ವರ್ಷ. ಪತ್ರ ಕೇಳಿಸಿಕೊಂಡಾಗ 30 ವರ್ಷದವನಾಗಿದ್ದವನು ಆ ಬಿಡುಗಡೆ ನೋಡಬೇಕಾದರೆ ತೀರ ಮುದುಕನಾಗಿರಬೇಕು. ಕಾರ್ಡಿನಲ್ಲಿ ಅಚ್ಚಾಗುವುದು ಇದಾದ ಮೇಲಿನ 11ನೇ ವಚನ ಮಾತ್ರ.

ಅದಕ್ಕೆ ಹಿಂದಿನ 28ನೇ ಅಧ್ಯಾಯವನ್ನು ಬಿಡಲೇಬೇಡಿ. ಅಲ್ಲಿ ಹನನ್ಯ ಎಂಬ ಪ್ರವಾದಿ ದೇವಾಲಯದೊಳಗೆ, ಯಾಜಕರ ಮುಂದೆ, ಯೆಹೋವನ ಹೆಸರಿನಲ್ಲೇ "ಎರಡು ವರ್ಷದೊಳಗೆ ಎಲ್ಲ ವಾಪಸ್ ಬರುತ್ತದೆ" ಅನ್ನುತ್ತಾನೆ. ಕೇಳುವವರಿಗೆ ಬೇಕಾಗಿದ್ದೂ ಅದೇ ಮಾತು. ಐದನೇ ತಿಂಗಳಲ್ಲಿ ಹಾಗೆ ಹೇಳಿದವನು ಏಳನೇ ತಿಂಗಳಲ್ಲಿ ಸತ್ತ. 29:8-9ರಲ್ಲಿ ಪತ್ರವೇ ಇಂಥ ಪ್ರವಾದಿಗಳಿಗೆ ಮೋಸಹೋಗಬೇಡಿ ಎಂದು ಎಚ್ಚರಿಸುತ್ತದೆ. ಹೀಗೆ ಬೇಗ ಬಿಡುಗಡೆ ಎಂದವರನ್ನು ಖಂಡಿಸಲು ಬರೆದ ಪತ್ರದ ಒಂದು ಸಾಲನ್ನು ಕತ್ತರಿಸಿ, "ಈ ವರ್ಷವೇ ನಿನಗೆ" ಎಂದು ಹಂಚುತ್ತಿದ್ದೇವೆ. ಇದು ನನಗೆ ತುಂಬ ನೋವಿನ ಸಂಗತಿ, ಯಾಕೆಂದರೆ ಡಿಸೆಂಬರ್ ಬರುವಷ್ಟರಲ್ಲಿ ಕಾರ್ಡು ಹಿಡಿದವರು ದೇವರೇ ಮಾತು ತಪ್ಪಿದರು ಅಂದುಕೊಳ್ಳುತ್ತಾರೆ.

ಹಾಗಾದರೆ ವಚನ ನಮಗೆ ಸಂಬಂಧವೇ ಇಲ್ಲವೇ? ಇದೆ. ಶಿಕ್ಷೆಯ ಕಾಲದಲ್ಲೂ ತನ್ನ ಜನರನ್ನು ಮರೆಯದ ದೇವರ ಸ್ವಭಾವ ಅಲ್ಲಿದೆ. ಅದನ್ನು ಭದ್ರವಾಗಿ ಹಿಡಿಯಿರಿ. ಅಲ್ಲಿಲ್ಲದ ತಾರೀಖು, ಕೆಲಸ, ವೀಸಾ ಇವನ್ನು ಅದಕ್ಕೆ ಅಂಟಿಸಬೇಡಿ.

ಇನ್ನೊಂದು, ಕನ್ನಡದಲ್ಲಿ ಓದುವವರು ಗಮನಿಸಬೇಕಾದದ್ದು. ನಮ್ಮ ಮಾತಿನಲ್ಲಿ "ನೀವು" ಗೌರವಕ್ಕೂ ಬರುತ್ತದೆ, ಬಹುವಚನಕ್ಕೂ ಬರುತ್ತದೆ. ಆದ್ದರಿಂದ ಕಾರ್ಡಿನಲ್ಲಿ "ನಿಮ್ಮ" ಎಂದಿದ್ದರೆ ದೇವರು ನನ್ನೊಬ್ಬನಿಗೇ ಮರ್ಯಾದೆಯಿಂದ ಹೇಳಿದಂತೆ ಕೇಳಿಸುತ್ತದೆ. ಆದರೆ ಹಳೆಯ ಸತ್ಯವೇದದ ಕನ್ನಡದಲ್ಲಿ ಒಬ್ಬರಾದರೆ ಅರಸನಿಗೂ "ನೀನು", ದೇವರಿಗೂ "ನೀನು". "ನೀವು" ಎಂದಿದ್ದರೆ ಅಲ್ಲಿ ಹಲವರಿದ್ದಾರೆ ಎಂದು ತಿಳಿಯಿರಿ. ಲೂಕ 22:31-32 ತೆಗೆದು ತೋರಿಸಿ: ಸೈತಾನನು ಕೇಳಿಕೊಂಡದ್ದು "ನಿಮ್ಮನ್ನು", ಅಂದರೆ ಶಿಷ್ಯರೆಲ್ಲರನ್ನು, ಯೇಸು ಪ್ರಾರ್ಥಿಸಿದ್ದು "ನಿನ್ನ" ನಂಬಿಕೆಗಾಗಿ, ಅಂದರೆ ಸೀಮೋನನೊಬ್ಬನಿಗಾಗಿ. ಇದಕ್ಕೂ ಒಂದು ಎಚ್ಚರಿಕೆ ಬೇಕು. "ನೀನು" ಎಂದಿದ್ದ ಕೂಡಲೇ ಒಬ್ಬ ವ್ಯಕ್ತಿ ಎಂದು ತೀರ್ಮಾನಿಸಬಾರದು. ಯೆಶಾಯ 41:10ರ "ನೀನು" ಯಾರೆಂದು 41:8 ಹೇಳುತ್ತದೆ: ಇಸ್ರಾಯೇಲ್ ಜನಾಂಗ.

ಹಳೆಯ ಅನುವಾದದ ಜೊತೆಗೆ ಬೈಬಲ್ ಸೊಸೈಟಿಯ ಸರಳ ಕನ್ನಡದ ಅನುವಾದವನ್ನೂ ಪಕ್ಕದಲ್ಲಿಡಿ. ಎರಡರಲ್ಲಿ ಅರ್ಥ ಬೇರೆಯಾಗಿ ಕಂಡ ಕಡೆ ನಿಂತು ಕೇಳುವುದೇ ಒಳ್ಳೆಯ ಅಭ್ಯಾಸ. "ಒನೆಯುವುದು" (ಕಾಳನ್ನು ಮೊರದಲ್ಲಿ ಕೇರುವುದು) ಥರದ ಪದ ಇವತ್ತಿನ ಪಟ್ಟಣದ ಹುಡುಗರಿಗೆ ತಿಳಿಯದು. ಬಾಸೆಲ್ ಮಿಶನ್ನಿನ ಕಿಟ್ಟೆಲ್ 1894ರಲ್ಲಿ ಹೊರತಂದ ನಿಘಂಟು ಇಂಥ ಕಡೆ ಈಗಲೂ ಕೈಹಿಡಿಯುತ್ತದೆ.

ಉತ್ತರ | ಒರೆಗಲ್ಲು

ಬ್ರದರ್ ಚೆನ್ನಾಗಿ ಬಿಡಿಸಿದ್ದಾರೆ. 1 ಥೆಸಲೋನಿಕ 5:21ರಲ್ಲಿ "ಪರಿಶೋಧಿಸಿ" ಎನ್ನಲು ಪೌಲನು ಬಳಸಿದ ಗ್ರೀಕ್ ಕ್ರಿಯಾಪದ ಲೋಹವನ್ನೂ ನಾಣ್ಯವನ್ನೂ ಪರೀಕ್ಷಿಸುವುದಕ್ಕೆ ಬಳಕೆಯಲ್ಲಿದ್ದ ಮಾತು. ನಾವು ಒರೆಗೆ ಹಚ್ಚುವುದು ಅನ್ನುತ್ತೇವಲ್ಲ, ಅದೇ. ಒರೆಗೆ ಹಚ್ಚುವ ಅಕ್ಕಸಾಲಿಗ ಚಿನ್ನವನ್ನು ಅವಮಾನಿಸುತ್ತಿಲ್ಲ. 5:20ರಲ್ಲಿ ಪ್ರವಾದನೆಗಳನ್ನು ಹೀನೈಸಬೇಡಿ ಎಂದ ಬಾಯಿಯೇ 5:21ರಲ್ಲಿ ಪರಿಶೋಧಿಸಿ ಎಂದಿತು. ಎರಡನ್ನೂ ಒಟ್ಟಿಗೆ ಓದಬೇಕು.

"40 ದಿನದೊಳಗೆ" ಎಂಬ ಮಾತಿಗೆ ಬರೋಣ. ಅಂಥ ಮಾತು ಬಂದ ಗಳಿಗೆಯಲ್ಲೇ ತಾರೀಖು ಹಾಕಿ, ಹೇಳಿದ ಪದಗಳನ್ನು ಹೇಳಿದ ಹಾಗೇ ಬರೆದಿಟ್ಟುಕೊಳ್ಳಿ. ಬಹುಮಟ್ಟಿಗೆ ತಪ್ಪಾಗುವುದು ಇಲ್ಲೇ. ಬರೆಯದಿದ್ದರೆ ಆರು ತಿಂಗಳ ನಂತರ ನೆನಪು ತಾನೇ ಮಾತನ್ನು ತಿದ್ದಿಕೊಳ್ಳುತ್ತದೆ. "40 ದಿನ" ಹೋಗಿ "ತಕ್ಕ ಕಾಲ" ಆಗುತ್ತದೆ, "ಸರ್ಕಾರಿ ಕೆಲಸ" ಹೋಗಿ "ಒಂದು ಬಾಗಿಲು" ಆಗುತ್ತದೆ. ಬರೆದಿಟ್ಟಿದ್ದರೆ ಧರ್ಮೋಪದೇಶಕಾಂಡ 18:22ರ ಅಳತೆ ಹಿಡಿಯಬಹುದು: ನುಡಿದದ್ದು ನಡೆಯದಿದ್ದರೆ ಅದು ಯೆಹೋವನ ಮಾತಲ್ಲ. ಅಳೆಯಲಿಕ್ಕೇ ಬಾರದಷ್ಟು ಸಡಿಲವಾದ ಮಾತುಗಳೂ ಇರುತ್ತವೆ. ಐನೂರು ಜನ ಕೂತ ಕೂಟದಲ್ಲಿ "ಇಲ್ಲಿ ಯಾರಿಗೋ ಬೆನ್ನುನೋವಿದೆ" ಅಂದರೆ ಅದು ತಪ್ಪುವ ಸಾಧ್ಯತೆಯೇ ಇಲ್ಲ. ತಪ್ಪಲಾಗದ ಮಾತನ್ನು ಪ್ರಮಾಣವೆಂದು ಎಣಿಸಬೇಡಿ.

ನಡೆದುಬಿಟ್ಟರೆ? ಆಗಲೂ ಪರೀಕ್ಷೆ ಮುಗಿಯಲಿಲ್ಲ. ಧರ್ಮೋಪದೇಶಕಾಂಡ 13:1-3 ನೋಡಿ. ಹೇಳಿದ ಗುರುತು ನಡೆದರೂ ಅವನು ಬೇರೆ ದೇವರ ಕಡೆಗೆ ಎಳೆದರೆ ಕೇಳಬಾರದು. 1 ಯೋಹಾನ 4:1-3ರ ಅಳತೆಯೂ ಅದೇ ದಿಕ್ಕಿನದು: ಶರೀರಧಾರಿಯಾಗಿ ಬಂದ ಯೇಸು ಕ್ರಿಸ್ತನ ಬಗ್ಗೆ ಆ ಬೋಧನೆ ಏನು ಹೇಳುತ್ತದೆ? ಅದ್ಭುತ ನಡೆಯಿತು ಎಂಬ ಒಂದೇ ಕಾರಣಕ್ಕೆ ಬೋಧನೆಯನ್ನು ಒಪ್ಪಿಕೊಳ್ಳುವುದೇ ದೊಡ್ಡ ಜಾರು.

ಇನ್ನು ಅಳೆಯುವವರು ಯಾರು? 1 ಕೊರಿಂಥ 14:29ರ ಪ್ರಕಾರ ಇಬ್ಬರು ಮೂವರು ನುಡಿದರೆ ಉಳಿದವರು ವಿವೇಚಿಸಬೇಕು. ಆದ್ದರಿಂದ ಪಕ್ಕಕ್ಕೆ ಕರೆದು ಒಬ್ಬರಿಗೇ ಹೇಳಿ "ಇದನ್ನು ಯಾರಿಗೂ ಹೇಳಬೇಡ" ಎಂದ ಪ್ರವಾದನೆ ಬಂದರೆ ಅಲ್ಲೇ ನಿಲ್ಲಿ. 1 ಅರಸುಗಳು 13ನ್ನು ಯೌವನಸ್ಥರಿಗೆ ಓದಿಸಿ. ಬೇತೇಲಿನಲ್ಲಿ ಊಟ ಮಾಡಬೇಡ, ನೀರು ಕುಡಿಯಬೇಡ ಎಂದು ದೇವರಿಂದ ನೇರ ಅಪ್ಪಣೆ ಪಡೆದವನು, "ದೇವದೂತನು ನನಗೆ ಹೇಳಿದ್ದಾನೆ, ಮನೆಗೆ ಬಾ" ಎಂದ ಮುದಿ ಪ್ರವಾದಿಯ ಮಾತು ನಂಬಿ ಹೋದ. ದಾರಿಯಲ್ಲಿ ಸಿಂಹ ಕೊಂದಿತು. ಹೇಳಿದವರು ವಯಸ್ಸಿನಲ್ಲಿ ಹಿರಿಯರು, ಅವರೂ ಪ್ರವಾದಿಯೇ, ದೇವದೂತನ ಹೆಸರೂ ಬಂತು. ಆದರೂ ಅದು ಸುಳ್ಳಾಗಿತ್ತು.

ಪ್ರವಾದನೆಯೊಂದನ್ನೇ ನಂಬಿ ಜಮೀನು ಮಾರುವುದು, ಕೆಲಸ ಬಿಡುವುದು, ಮದುವೆ ಒಪ್ಪುವುದು ಬೇಡ. ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ. ಫಿಟ್ಸಿನ ಮಾತ್ರೆ ತಟ್ಟನೆ ಬಿಟ್ಟರೆ ಫಿಟ್ಸ್ ಮತ್ತೆ ಜೋರಾಗಿ ಬರಬಹುದು. ಕ್ಷಯದ ಮಾತ್ರೆಯನ್ನು ನಡುವೆ ಬಿಟ್ಟರೆ ರೋಗಾಣು ಔಷಧಿಗೆ ಬಗ್ಗದಂತಾಗುವ ಅಪಾಯವಿದೆ. ಸ್ವಸ್ಥತೆ ಆಗಿದೆ ಎಂದರೆ ಡಾಕ್ಟರಲ್ಲಿಗೆ ಹೋಗಿ ತೋರಿಸುವುದು ಅಪನಂಬಿಕೆಯಲ್ಲ. ಕುಷ್ಠ ವಾಸಿಯಾದವನಿಗೆ ಯೇಸು ಹೇಳಿದ್ದೇ ಅದು: ಹೋಗಿ ಯಾಜಕನಿಗೆ ತೋರಿಸಿಕೋ (ಮಾರ್ಕ 1:44). ಯಾಜಕಕಾಂಡ 14ರಲ್ಲಿ ಆ ಪರೀಕ್ಷೆಯ ಕ್ರಮವೇ ಇದೆ. ಯಾಜಕ ಪಾಳೆಯದ ಹೊರಗೆ ಹೋಗಿ ನೋಡಬೇಕು, ವಾಸಿಯಾದವನು ಏಳು ದಿನ ಡೇರೆಯ ಹೊರಗಿರಬೇಕು.

ಹಣದ ಮಾತು ಬಂದರೆ 2 ಕೊರಿಂಥ 8 ಮತ್ತು 9ನ್ನು ಪೂರ್ತಿ ಓದಿ. "ಬೀಜ ಕಾಣಿಕೆ" ಕೇಳುವವರು, ಅಂದರೆ ಕೊಟ್ಟ ಹಣ ಬಿತ್ತಿದ ಬೀಜದಂತೆ ಹೆಚ್ಚಾಗಿ ವಾಪಸ್ ಬರುತ್ತದೆ ಅನ್ನುವವರು, ಹೆಚ್ಚಾಗಿ ಬಿತ್ತುವವನು ಹೆಚ್ಚಾಗಿ ಕೊಯ್ಯುವನು ಎಂಬ 9:6ನ್ನು ಮಾತ್ರ ಓದುತ್ತಾರೆ. ಆ ಹಣ ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಹೋಗುತ್ತಿತ್ತು, ಪೌಲನ ಕೈಗಲ್ಲ. ಬಲವಂತದಿಂದ ಕೊಡಬಾರದೆಂದು 9:7ರಲ್ಲಿದೆ. ಯಾರೂ ತಪ್ಪು ಹೊರಿಸದಂತೆ ಸಭೆಗಳೇ ನೇಮಿಸಿದ ಸಹೋದರನನ್ನು ಜೊತೆಗೆ ಕಳಿಸಿದರು (8:19-21).

ಉತ್ತರ | ಹಳೇ ಪೀಠ

ಮೂರನೆಯ ಪ್ರಶ್ನೆಗೆ. "ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿ" ಎಂಬುದು ಕೀರ್ತನೆ 105:15. ಅದೇ ಪರೀಕ್ಷೆಯನ್ನು ಅದಕ್ಕೂ ಮಾಡಿ. 105:9ರಿಂದ ಓದುತ್ತಾ ಬಂದರೆ, ಅಬ್ರಹಾಮ ಇಸಾಕ ಯಾಕೋಬರು ಸ್ವಲ್ಪ ಮಂದಿಯಾಗಿ ಊರೂರು ಅಲೆಯುತ್ತಿದ್ದಾಗ ದೇವರು ಅರಸರನ್ನು ಗದರಿಸಿ ಅವರನ್ನು ಕಾಪಾಡಿದ ಸಂಗತಿ. ಬಲವುಳ್ಳವರು ಬಲಹೀನರಿಗೆ ಕೇಡು ಮಾಡಬಾರದೆಂಬ ಮಾತು ಅದು. ಬೋಧನೆಯನ್ನು ಸತ್ಯವೇದಕ್ಕೆ ಹಿಡಿದು ನೋಡಬಾರದು ಎಂದು ಅಲ್ಲಿ ಎಲ್ಲೂ ಇಲ್ಲ. ಅಂತಿಯೋಕ್ಯದಲ್ಲಿ ಪೇತ್ರನನ್ನೇ ಪೌಲನು ಎದುರಾಎದುರು ಖಂಡಿಸಿದ (ಗಲಾತ್ಯ 2:11). ನಾವೇ ಆಗಲಿ ಪರಲೋಕದ ದೂತನೇ ಆಗಲಿ ಬೇರೆ ಸುವಾರ್ತೆ ಸಾರಿದರೆ ಒಪ್ಪಬೇಡಿ ಎಂದು ತನ್ನನ್ನೂ ಸೇರಿಸಿಕೊಂಡೇ ಬರೆದ (1:8).

ಆದರೆ ಹಿಂದಿನ ಉತ್ತರಗಳಿಗೆ ಒಂದು ತಡೆ ಹಾಕುತ್ತೇನೆ, ಇಬ್ಬರೂ ಬೇಸರಿಸಬಾರದು. ಯೌವನಸ್ಥರ ಕೈಗೆ ಈ ಸಾಧನ ಕೊಟ್ಟ ಕೂಡಲೇ ಪ್ರತಿ ಭಾನುವಾರದ ವಾಕ್ಯವನ್ನೂ ಹರಿದು ಹಾಕಲು ಕೂರುತ್ತಾರೆ. ಪೌಲನ ಬೋಧನೆ ಕೇಳಿದ ಬೆರೋಯ ಊರಿನವರು ಮೊದಲು ಸಿದ್ಧಮನಸ್ಸಿನಿಂದ ವಾಕ್ಯವನ್ನು ಅಂಗೀಕರಿಸಿದರು, ಆಮೇಲೆ ದಿನಾಲೂ ಶೋಧಿಸಿದರು. ಅಪೊಸ್ತಲರ ಕೃತ್ಯಗಳು 17:11ರಲ್ಲಿ ಎರಡೂ ಇವೆ. ಎಫೆಸ ಸಭೆ ಸುಳ್ಳು ಅಪೊಸ್ತಲರನ್ನು ಪರೀಕ್ಷಿಸಿ ಕಂಡುಹಿಡಿದದ್ದಕ್ಕೆ ಪ್ರಕಟನೆ 2:2ರಲ್ಲಿ ಮೆಚ್ಚುಗೆ ಪಡೆಯಿತು. 2:4ರಲ್ಲಿ ಮೊದಲಿನ ಪ್ರೀತಿ ಬಿಟ್ಟದ್ದಕ್ಕೆ ಬೈಸಿಕೊಂಡಿತು.

ಕ್ರಮ ಹೀಗಿರಲಿ. ಮೊದಲು ಆಡಿದ ಮಾತು ನಿಜವಾಗಿ ಏನೆಂದು ಖಚಿತ ಮಾಡಿಕೊಳ್ಳಿ. ಮೂವತ್ತು ಸೆಕೆಂಡಿನ ವಾಟ್ಸಾಪ್ ತುಣುಕು ಸಾಲದು, ಪೂರ್ತಿ ಪ್ರಸಂಗ ಕೇಳಿ. ನಂತರ ಒಬ್ಬರೇ ಹೋಗಿ, "ಅಯ್ಯನವರೇ, ನೀವು ಹೇಳಿದ್ದು ಯಾವ ಅಧ್ಯಾಯದಲ್ಲಿದೆ, ಜೊತೆಯಲ್ಲಿ ಓದೋಣವೇ?" ಎಂದು ಕೇಳಿ. ಪ್ರಿಸ್ಕಿಲ್ಲ ಅಕ್ವಿಲ ದಂಪತಿಗಳು ಬೋಧಕನಾದ ಅಪೊಲ್ಲೋಸನನ್ನು ಜನರ ಮುಂದೆ ತಿದ್ದಲಿಲ್ಲ, ಬಳಿಗೆ ಕರೆದುಕೊಂಡು ವಿವರಿಸಿದರು (ಅಪೊಸ್ತಲರ ಕೃತ್ಯಗಳು 18:26). ಎಷ್ಟೋ ಸಲ ಅದು ಬಾಯಿತಪ್ಪಿ ಬಂದ ಮಾತಾಗಿರುತ್ತದೆ. ನಡತೆಯ ಮೇಲಿನ ದೂರಾದರೆ 1 ತಿಮೊಥೆಯ 5:19 ಇಬ್ಬರು ಮೂವರು ಸಾಕ್ಷಿಗಳನ್ನು ಕೇಳುತ್ತದೆ. ಆದರೆ ಮಕ್ಕಳ ಮೇಲಿನ ದೌರ್ಜನ್ಯದಂಥ ಅಪರಾಧವಾದರೆ ಅದನ್ನು ಸಭೆಯೊಳಗೇ ಇತ್ಯರ್ಥ ಮಾಡಲು ಕೂರಬಾರದು, ಪೊಲೀಸರಿಗೆ ತಿಳಿಸಬೇಕು.

ಎಲ್ಲ ಭಿನ್ನಾಭಿಪ್ರಾಯವೂ ಒಂದೇ ತೂಕದ್ದಲ್ಲ ಎಂಬುದನ್ನೂ ಕಲಿಸಿ. ಊಟ, ವಿಶೇಷ ದಿನಗಳು ರೋಮಾಪುರ 14ಕ್ಕೆ ಸೇರಿದವು. ಅಲ್ಲಿ ಸಹೋದರನನ್ನು ಬಿಟ್ಟುಕೊಡಬಾರದು. ಕ್ರಿಸ್ತನು ಯಾರು, ರಕ್ಷಣೆ ಹೇಗೆ ಎಂಬುವು ಗಲಾತ್ಯ 1ಕ್ಕೆ ಸೇರಿದವು. ಅಲ್ಲಿ ಸತ್ಯವನ್ನು ಬಿಟ್ಟುಕೊಡಬಾರದು.

ಪ್ರಶ್ನೆ ಕೇಳಿದವರು | ಯೌವನಸ್ಥರ ಕೂಟ

ಮೂವರಿಗೂ ವಂದನೆ. ಯೆರೆಮೀಯ 27ರಿಂದ 29 ಮೊದಲ ವಾರಕ್ಕೆ ನಿಶ್ಚಯವಾಯಿತು. "ಭದ್ರವಾಗಿ ಹಿಡಿದುಕೊಳ್ಳುವ" ಭಾಗಕ್ಕೆ ಏನು ಮಾಡಿಸಬಹುದು?

ಉತ್ತರ | ಬೆರೋಯದ ಓದು

ಬಾಯಿಪಾಠ. ಆದರೆ ಬಿಡಿ ವಚನವಲ್ಲ, ಇಡೀ ಭಾಗ. ಬಿಡಿಯಾಗಿ ಕಲಿತ ವಚನ ಹಿಂದುಮುಂದಿನ ಸಂಬಂಧ ಕಳೆದುಕೊಂಡು ಮತ್ತೆ ಕಾರ್ಡಿನ ಸಾಲೇ ಆಗುತ್ತದೆ. ಸೈತಾನನಿಗೂ ಕೀರ್ತನೆ 91ರ ಸಾಲು ಬರುತ್ತಿತ್ತು. ಯೇಸು ಅದನ್ನು ಧರ್ಮೋಪದೇಶಕಾಂಡ 6:16ರ ಜೊತೆ ಇಟ್ಟು ತೂಗಿದರು (ಮತ್ತಾಯ 4:6-7).

1 ಥೆಸಲೋನಿಕ 5:12-22ರಿಂದ ಶುರುಮಾಡಿ, 11 ವಚನ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದು, ಭಾನುವಾರ ಹೊಸದಿಲ್ಲ, ಕಲಿತದ್ದನ್ನು ಇನ್ನೊಬ್ಬರ ಮುಂದೆ ಒಪ್ಪಿಸುವುದು. ಎರಡು ವಾರಕ್ಕೆ ಮುಗಿಯುತ್ತದೆ. ಪ್ರತಿದಿನ ಹೊಸ ವಚನಕ್ಕೆ ಮುಂಚೆ ಹಳೆಯವನ್ನು ಮೊದಲಿನಿಂದ ಹೇಳಬೇಕು. ಇದನ್ನು ಬಿಟ್ಟರೆ ಕೊನೆಯ ಎರಡು ವಚನ ಮಾತ್ರ ಉಳಿಯುತ್ತವೆ. ಒಂದೇ ಅನುವಾದಕ್ಕೆ ಅಂಟಿಕೊಳ್ಳಿ, ಎರಡು ಬೆರೆತರೆ ಪದಗಳು ಕಲಸಿಹೋಗುತ್ತವೆ. ಮುಗಿದ ಮೇಲೆ ವಾರಕ್ಕೊಮ್ಮೆ, ನಂತರ ತಿಂಗಳಿಗೊಮ್ಮೆ ಮರುಪಾಠ.

ಇದು ರೂಢಿಯಾದವರಿಗೆ ಕೀರ್ತನೆ 119 ಕೊಡಿ. ಎಂಟೆಂಟು ವಚನಗಳ 22 ಖಂಡಗಳು, ಒಟ್ಟು 176. ವಾರಕ್ಕೆ ಒಂದು ಖಂಡದಂತೆ ಐದು ತಿಂಗಳ ಕೆಲಸ. ಜೊತೆಗೆ ಪ್ರತಿ ಖಂಡದಿಂದ ಆ ವಾರ ಮಾಡಬೇಕಾದ ಒಂದೇ ಒಂದು ಕೆಲಸವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. "ಇನ್ನೂ ಒಳ್ಳೆಯವನಾಗುತ್ತೇನೆ" ಎಂದು ಬರೆದರೆ ಒಪ್ಪಬೇಡಿ. "ಅಣ್ಣನಿಗೆ ಕೊಡಬೇಕಾದ ಸಾಲ ಗುರುವಾರ ಕೊಡುತ್ತೇನೆ" ಎಂಬಷ್ಟು ಸ್ಪಷ್ಟವಾಗಿರಲಿ, ಮುಂದಿನ ಭಾನುವಾರ ಆಯಿತೋ ಇಲ್ಲವೋ ಎಂದು ಜೊತೆಗಾರ ಕೇಳಲಿ.