ಕಾದ ಎಂಜಿನ್‌ನಲ್ಲಿ ಮಿನುಗುವ ಆಯಿಲ್ ದೀಪ

ಪ್ರಶ್ನೆ (ಉಡುಪಿ):
ತಂದೆಯವರ ಕಾಲದ ನಮ್ಮ ಪದ್ಮಿನಿ ಕಾರು ಮಂಗಳೂರಿನಿಂದ ಹೆದ್ದಾರಿಯಲ್ಲಿ ಬಂದು ಕಲ್ಸಂಕದ ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ಪ್ರೆಶರ್‌ನ ಕೆಂಪು ದೀಪ ಮಿನುಗುತ್ತದೆ. ಆಕ್ಸಿಲರೇಟರ್ ತುಸು ಒತ್ತಿದರೆ ಆರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಸರಿಯಾಗಿಯೇ ಇದೆ. ಹೀಗೆಯೇ ಓಡಿಸಬಹುದೇ?

ಉತ್ತರ 1 (ಮಂಗಳೂರು):
ಮಾನ್ಯರೇ, ಆ ದೀಪ ತೋರಿಸುವುದು ಆಯಿಲ್‌ನ ಮಟ್ಟವನ್ನಲ್ಲ, ಒತ್ತಡವನ್ನು. ಅದನ್ನೂ ಅಳೆದು ಹೇಳುವುದಿಲ್ಲ. ಎಂಜಿನ್‌ಗೆ ಕೂರಿಸಿದ ಸ್ವಿಚ್ಚಿನೊಳಗಿನ ತೆಳು ಪೊರೆಯನ್ನು ಆಯಿಲ್ ತಳ್ಳಿದಾಗ ವಿದ್ಯುತ್ ಸಂಪರ್ಕ ಕಡಿದು ದೀಪ ಆರುತ್ತದೆ, ಒತ್ತಡ ಸಾಮಾನ್ಯವಾಗಿ 5ರಿಂದ 7 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಆಸುಪಾಸಿಗೆ ಇಳಿದಾಗ ಮತ್ತೆ ಉರಿಯುತ್ತದೆ. ಆದ್ದರಿಂದ ದೀಪ ಆರಿದೆ ಎಂದಮಾತ್ರಕ್ಕೆ ಎಂಜಿನ್‌ನೊಳಗೆ ತಿರುಗುವ ಶಾಫ್ಟನ್ನು ಹೊರುವ ಬೇರಿಂಗ್‌ಗಳಿಗೆ ಸಾಕಷ್ಟು ಆಯಿಲ್ ಸಿಗುತ್ತಿದೆ ಎಂದು ನಂಬುವಂತಿಲ್ಲ. ಸ್ವಿಚ್ಚನ್ನು ಬಿಚ್ಚಿ, ಆ ಜಾಗಕ್ಕೆ ಒತ್ತಡ ಅಳೆದು ತೋರಿಸುವ ಮೆಕ್ಯಾನಿಕಲ್ ಗೇಜ್ ಹಾಕಿಸಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ನೋಡಿ. ಗೇಜ್‌ನಲ್ಲಿ ಒತ್ತಡ ಸರಿಯಿದ್ದರೆ ಕೆಟ್ಟಿರುವುದು ಸ್ವಿಚ್ಚು. ಅದರ ಬೆಲೆ ದೊಡ್ಡದೇನಲ್ಲ. ಒತ್ತಡ ನಿಜಕ್ಕೂ ಕಡಿಮೆಯಿದ್ದರೆ ತೆಳುವಾದ ಆಯಿಲ್, ಸವೆದ ಬೇರಿಂಗ್ ಅಥವಾ ಪಂಪ್ ಕಾರಣವಿರಬಹುದು. ಗೇಜ್ ನೋಡದೆ ಎಂಜಿನ್ ಬಿಚ್ಚಲು ಹೊರಡುವ ಮೆಕ್ಯಾನಿಕ್ಕನ ಮಾತಿಗೆ ಒಪ್ಪಬೇಡಿ.

ಉತ್ತರ 2 (ಮಲ್ಪೆ):
ಸಮುದ್ರದ ಉಪ್ಪುಗಾಳಿಗೆ ಸ್ವಿಚ್ಚಿನ ಟರ್ಮಿನಲ್‌ನಲ್ಲಿ ಹಸಿರು ಕಿಲುಬು ಕಟ್ಟಿ ಸಂಪರ್ಕ ತಪ್ಪಿದರೆ, ಒತ್ತಡ ಪೂರ್ತಿ ಇಳಿದರೂ ದೀಪ ಉರಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮಿನುಗುವ ದೀಪಕ್ಕಿಂತ ಇದೇ ಹೆಚ್ಚು ಅಪಾಯ. ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ ಕೀಲಿ ತಿರುಗಿಸಿದಾಗ ದೀಪ ಉರಿಯಲೇಬೇಕು. ಎಂಜಿನ್ ಓಡುವಾಗಲೂ ಅದು ಆರದೆ, ಸ್ವಿಚ್ಚಿನ ವೈರ್ ಕಳಚಿದರೂ ಉರಿಯುತ್ತಲೇ ಇದ್ದರೆ, ವೈರ್ ಎಲ್ಲೋ ಕಾರಿನ ಲೋಹದ ಮೈಗೆ ತಾಗಿ ಶಾರ್ಟ್ ಆಗಿದೆ.

ಉತ್ತರ 1 (ಮಂಗಳೂರು):
ಒಂದು ಮಾತು ಬಿಟ್ಟುಹೋಗಿತ್ತು. ಓಡುತ್ತಿರುವಾಗ ದೀಪ ಹತ್ತಿ ಆರದಿದ್ದರೆ ಸುರಕ್ಷಿತ ಜಾಗದಲ್ಲಿ ಕೂಡಲೇ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಗ್ಯಾರೇಜಿನವರೆಗೆ ಓಡಿಸದೆ ಎಳೆಸಿಕೊಂಡು ಹೋಗಿ.