ನಲ್ಲಿ ನೀರಿನ ಕ್ಲೋರಿನ್‌ನಿಂದ ಕ್ಯಾನ್ಸರ್ ಬರುತ್ತಾ?

ಪ್ರಶ್ನೆ (ವಿಜಯನಗರ, ಬೆಂಗಳೂರು)
ನಮಗೆ ಬರುವುದು ಕಾವೇರಿ ನೀರು. ಕೆಲವು ದಿನ ಕ್ಲೋರಿನ್ ವಾಸನೆ ಜೋರಾಗಿರುತ್ತದೆ. ಅದರಿಂದ ನೀರಿನಲ್ಲಿ ಕ್ಲೋರೋಫಾರ್ಮ್ ಹುಟ್ಟಿ ಕ್ಯಾನ್ಸರ್ ಬರುತ್ತದೆ ಅಂತ ನಾದಿನಿ ಎಲ್ಲೋ ಓದಿ ಹೇಳಿದಳು. ಮನೆಯಲ್ಲಿ ಪುಟ್ಟ ಮಗು ಇದೆ. ಕ್ಯಾನ್ ನೀರು ತರಿಸಬೇಕಾ? ಕುದಿಸಿದರೆ ಸಾಕಾ?

ಉತ್ತರ (ನೀರಿನ ಲ್ಯಾಬ್‌ನಿಂದ ನಿವೃತ್ತ)
ಗಾಬರಿಯಾಗಬೇಡಿ ತಾಯಿ. ನಿಮ್ಮ ನಾದಿನಿ ಓದಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ.

ಹೊಳೆ ನೀರಿನಲ್ಲಿ ಕೊಳೆತ ಎಲೆ, ಬೇರು, ಪಾಚಿಯ ಸಾರ ಕರಗಿರುತ್ತದೆ. ಕ್ಲೋರಿನ್ ಅದರ ಜೊತೆ ಸೇರಿದಾಗ ಕ್ಲೋರೋಫಾರ್ಮ್‌ನಂಥ ಟ್ರೈಹ್ಯಾಲೋಮೀಥೇನ್‌ಗಳು ಹುಟ್ಟುತ್ತವೆ. ಇದನ್ನು 1974ರಲ್ಲಿ ರೋಟರ್‌ಡ್ಯಾಮ್‌ನ ನೀರು ಸರಬರಾಜಿನಲ್ಲಿದ್ದ ಯೋಹಾನೆಸ್ ರೂಕ್ ತೋರಿಸಿಕೊಟ್ಟರು. ನೀರು ಬೆಚ್ಚಗಿದ್ದಷ್ಟೂ, ಪೈಪಿನಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಜಾಸ್ತಿ. ಬೆಂಗಳೂರಿಗೆ ಕಾವೇರಿ ನೀರು ಶುದ್ಧೀಕರಣವಾಗುವ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಪಂಪ್ ಆಗಿ ಬರುತ್ತದೆ, ಅಲ್ವಾ? ಹಾಗಾಗಿ ಈ ಪ್ರಶ್ನೆ ಕೇಳಲೇಬೇಕಾದದ್ದು.

ಇಂಥ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಕ್ಲೋರಿನ್ ಇಲ್ಲದ ನೀರು ಟೈಫಾಯಿಡ್, ಕಾಲರಾ ತರಲು ಒಂದೇ ವಾರ ಸಾಕು. ಕ್ಲೋರಿನ್ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಕ್ಲೋರಿನ್ ಹಾಕುವ ಮೊದಲು ಪಟಿಕ ಹಾಕಿ ಆ ಕೊಳೆತ ಸಾರವನ್ನು ಚೆನ್ನಾಗಿ ತೆಗೆಯಿರಿ ಅಂತ ನಾವು ಒತ್ತಾಯಿಸಬೇಕು.

ಮನೆಯಲ್ಲಿ ಮುಚ್ಚಳ ತೆಗೆದು ಕೆಲವು ನಿಮಿಷ ಕುದಿಸಿದರೆ ಕ್ಲೋರೋಫಾರ್ಮ್ ಬಹುಪಾಲು ಹಾರಿಹೋಗುತ್ತದೆ. ಜೊತೆಗೆ ಹುಟ್ಟುವ ಹ್ಯಾಲೋಅಸಿಟಿಕ್ ಆಸಿಡ್‌ಗಳು ಹಾಗೆ ಆವಿಯಾಗುವುದಿಲ್ಲ. ಅದಕ್ಕೆ ಒಳ್ಳೆಯ ಕಾರ್ಬನ್ ಫಿಲ್ಟರ್ ಇರಲಿ, ಹೇಳಿದ ಹೊತ್ತಿಗೆ ಬದಲಾಯಿಸಿ. ಕಾರ್ಬನ್ ಕ್ಲೋರಿನ್ನನ್ನೂ ಹಿಡಿದುಬಿಡುತ್ತದೆ, ಆಮೇಲೆ ನೀರಿನಲ್ಲಿ ಕ್ರಿಮಿ ಬೆಳೆಯಬಹುದು, ಆದ್ದರಿಂದ ಸೋಸಿದ ನೀರನ್ನು ದಿನಗಟ್ಟಲೆ ಇಡಬೇಡಿ. ಬಿಸಿನೀರಿನ ಸ್ನಾನ ಮಾಡುವಾಗ ಬಚ್ಚಲಮನೆಯ ಕಿಟಕಿ ತೆರೆದಿಡಿ. ಕ್ಲೋರೋಫಾರ್ಮ್ ಉಸಿರಿನಲ್ಲೂ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ಕ್ಯಾನ್ ನೀರು ಎಲ್ಲಿ ತುಂಬಿದ್ದು ಅಂತ ಗೊತ್ತಿಲ್ಲದಿದ್ದರೆ ನಲ್ಲಿ ನೀರೇ ವಾಸಿ.

ಉತ್ತರ (ಅಮೆರಿಕದಿಂದ)
ಇಲ್ಲಿ ನೀರು ಕೊಡುವ ಸಂಸ್ಥೆ ಪ್ರತಿ ವರ್ಷ ಜುಲೈ 1ರೊಳಗೆ ಗ್ರಾಹಕರಿಗೆ ನೀರಿನ ಗುಣಮಟ್ಟದ ವರದಿ ಕೊಡಬೇಕು. ನಾಲ್ಕು ಟ್ರೈಹ್ಯಾಲೋಮೀಥೇನ್‌ಗಳ ಮೊತ್ತ ವರ್ಷದ ಸರಾಸರಿಯಲ್ಲಿ ಲೀಟರಿಗೆ 0.08 ಮಿಲಿಗ್ರಾಂ ದಾಟಬಾರದು. ಭಾರತದಲ್ಲಿ ಇಂಥ ಮಿತಿಯೇ ಇಲ್ಲವಾ?

ಉತ್ತರ (ನೀರಿನ ಲ್ಯಾಬ್‌ನಿಂದ ನಿವೃತ್ತ)
ಇದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ನಾಲ್ಕಕ್ಕೂ ಬೇರೆ ಬೇರೆ ಮಿತಿ ಇದೆ. ಕ್ಲೋರೋಫಾರ್ಮ್‌ಗೆ ಲೀಟರಿಗೆ 0.2 ಮಿಲಿಗ್ರಾಂ, ಬ್ರೋಮೋಡೈಕ್ಲೋರೋಮೀಥೇನ್‌ಗೆ 0.06. ಮನೆಮನೆಗೆ ಇಂಥ ವರದಿ ಇಲ್ಲೂ ಬರಬೇಕು. ನೀರು ಕುಡಿಯುವವರಿಗೆ ಆ ಅಂಕಿ ತಿಳಿಯುವ ಹಕ್ಕಿದೆ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದು ವಿಷಯ. ನಮ್ಮ ಅಪಾರ್ಟ್‌ಮೆಂಟ್ ಸಂಪ್‌ಗೆ ಸುಮ್ನೆ ಕೈ ಅಂದಾಜಿನಲ್ಲಿ ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ. ಇದು ಸರಿಯಾ?

ಉತ್ತರ (ನೀರಿನ ಲ್ಯಾಬ್‌ನಿಂದ ನಿವೃತ್ತ)
ಸರಿಯಲ್ಲ. ಮೊದಲು ತಳದ ಕೆಸರು ತೆಗೆಸಿ. ಕೆಸರಿನ ಮೇಲೆ ಪೌಡರ್ ಸುರಿದರೆ ಕ್ಲೋರಿನ್ ಅದಕ್ಕೇ ಖರ್ಚಾಗುತ್ತದೆ, ಬೇಡದ್ದೂ ಅಲ್ಲೇ ಹುಟ್ಟುತ್ತದೆ. ಒಂದು ಕ್ಲೋರೋಸ್ಕೋಪ್ ಕಿಟ್ ತರಿಸಿ, ನೀರಿನಲ್ಲಿ ಉಳಿದ ಕ್ಲೋರಿನ್ ಎಷ್ಟು ಅಂತ ಹಳದಿ ಬಣ್ಣ ನೋಡಿ ಅಳೆಯಬಹುದು. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅಷ್ಟು ಇದ್ದರೆ ಮತ್ತೆ ಪೌಡರ್ ಹಾಕುವುದು ಬೇಡ.