ವ್ಯುತ್ಪತ್ತಿಯೋ ನಿಷ್ಪತ್ತಿಯೋ?

ಮಾನ್ಯರೇ,

ಪದವೊಂದು ಎಲ್ಲಿಂದ ಬಂತು, ಹೇಗೆ ರೂಪ ಬದಲಿಸಿತು ಎಂಬುದನ್ನು ಅರಸುವ ವಿದ್ಯೆಗೆ ಕನ್ನಡದಲ್ಲಿ ವ್ಯುತ್ಪತ್ತಿ, ನಿರುಕ್ತಿ, ನಿಷ್ಪತ್ತಿ ಎಂಬ ಮೂರು ಹೆಸರುಗಳೂ ಬಳಕೆಯಲ್ಲಿವೆ. ಪದವಿಪೂರ್ವ ತರಗತಿಗೆ ವ್ಯಾಕರಣದ ಟಿಪ್ಪಣಿ ಸಿದ್ಧಪಡಿಸುತ್ತಿರುವ ನನಗೆ ಇವು ಮೂರೂ ಒಂದೇ ಅಲ್ಲವೆಂದು ತೋರುತ್ತಿದ್ದು, ಬಲ್ಲವರ ಅಭಿಪ್ರಾಯ ಕೇಳಬಯಸುತ್ತೇನೆ.

ವ್ಯಾಕರಣದಲ್ಲಿ ವ್ಯುತ್ಪತ್ತಿಯೆಂದರೆ ಪದವನ್ನು ಪ್ರಕೃತಿ (ಮೂಲರೂಪ), ಪ್ರತ್ಯಯಗಳಾಗಿ ಬಿಡಿಸಿ ತೋರಿಸುವುದು. ಓಡು ಎಂಬ ಧಾತುವಿನಿಂದ ಓಟ, ನೋಡು ಎಂಬುದರಿಂದ ನೋಟ ಆಯಿತೆಂದಾಗ ನಾವು ಪದದ ಕಟ್ಟಣೆಯನ್ನು ಹೇಳುತ್ತೇವೆಯೇ ಹೊರತು ಅದರ ಚರಿತ್ರೆಯನ್ನಲ್ಲ. (ಕಾವ್ಯಮೀಮಾಂಸೆಯಲ್ಲಿ ಪ್ರತಿಭೆಯ ಜೊತೆಗೆ ಬರುವ ವ್ಯುತ್ಪತ್ತಿಯಂತೂ ಪಾಂಡಿತ್ಯವೆಂಬ ಬೇರೆಯದೇ ಅರ್ಥದ್ದು.) ನಿರುಕ್ತಿಯದು ಮತ್ತೊಂದು ದಾರಿ. ನಾಮಪದಗಳೆಲ್ಲ ಧಾತುಗಳಿಂದಲೇ ಹುಟ್ಟಿದವು ಎಂಬ ಪ್ರಾಚೀನ ವೈಯಾಕರಣ ಶಾಕಟಾಯನನ ಮತವನ್ನು, ವೇದದ ಪದಗಳ ಅರ್ಥ ಬಿಡಿಸುವ ನಿರುಕ್ತವೆಂಬ ಗ್ರಂಥ ಬರೆದ ಯಾಸ್ಕ ಎತ್ತಿಹಿಡಿಯುತ್ತಾನೆ. ಇನ್ನೊಬ್ಬ ಪ್ರಾಚೀನ ವಿದ್ವಾಂಸ ಗಾರ್ಗ್ಯ ಅದನ್ನು ಒಪ್ಪುವುದಿಲ್ಲ. ಅರ್ಥವನ್ನು ಮುಂದಿಟ್ಟುಕೊಂಡು ಒಂದೇ ಪದಕ್ಕೆ ಎರಡು ಮೂರು ಮೂಲಗಳನ್ನು ಹೇಳಲು ನಿರುಕ್ತಿಯಲ್ಲಿ ಅಡ್ಡಿಯಿಲ್ಲ, ಏಕೆಂದರೆ ಅಲ್ಲಿನ ಉದ್ದೇಶ ಮಂತ್ರಾರ್ಥದ ವಿವರಣೆ.

ಹಾಗಾಗಿ ಚರಿತ್ರೆಯ ದೃಷ್ಟಿಯಿಂದ ಪದಮೂಲವನ್ನು ಹೇಳುವಾಗ ನಿಷ್ಪತ್ತಿ ಎಂಬುದನ್ನೇ ಉಳಿಸಿಕೊಳ್ಳುವುದು ಲೇಸೆಂದು ನನ್ನ ಎಣಿಕೆ. ತೆಲುಗಿನಲ್ಲಿ ಗಣಿತದ ಅನುಪಾತಕ್ಕೆ ಇದೇ ಹೆಸರಿರುವುದರಿಂದ ಗಡಿಭಾಗದ ಮಕ್ಕಳಿಗೆ ಮೊದಮೊದಲು ಗಲಿಬಿಲಿಯಾಗಬಹುದು, ಆದರೆ ಅದೇನೂ ದೊಡ್ಡ ತೊಡಕಲ್ಲ. ಹಾಲು ಎಂಬ ಮಾತನ್ನೇ ನೋಡಿ. ಹಳಗನ್ನಡದಲ್ಲಿ ಅದು ಪಾಲ್. ತಮಿಳು, ಮಲಯಾಳಗಳಲ್ಲಿ ಪಾಲ್, ತೆಲುಗಿನಲ್ಲಿ ಪಾಲು, ತುಳುವಿನಲ್ಲಿ ಪೇರ್. ಪುಲಿ ಹುಲಿಯಾದಂತೆ, ಪೂ ಹೂವಾದಂತೆ, ಪದದ ಮೊದಲಿನ ಪಕಾರ ಕನ್ನಡದಲ್ಲಿ ಹಕಾರವಾಯಿತೆಂಬುದು ಒಂದೆರಡು ಪದಗಳ ಹೋಲಿಕೆಯಿಂದಲ್ಲ, ಸಾಲು ಸಾಲು ಪದಗಳು ಒಂದೇ ನಿಯಮಕ್ಕೆ ಒಳಪಡುವುದರಿಂದ ಸಿದ್ಧವಾಗುತ್ತದೆ. ಇದನ್ನು ಒಮ್ಮೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರೆ, ಕೇವಲ ಉಚ್ಚಾರಣೆಯ ಸಾಮ್ಯವನ್ನು ನೆಚ್ಚಿ ಮೂಲ ಹೇಳುವ ಚಾಳಿ ವಿದ್ಯಾರ್ಥಿಗಳಲ್ಲಿ ತಾನಾಗಿ ಕಡಮೆಯಾಗುವುದನ್ನು ಕಂಡಿದ್ದೇನೆ.

ನನ್ನ ನಿಜವಾದ ತೊಡಕು ಇರುವುದು ತತ್ಸಮ-ತದ್ಭವದ ಪಾಠದಲ್ಲಿ. ಕಾರ್ಯ-ಕಜ್ಜ, ವಿದ್ಯಾ-ಬಿಜ್ಜೆ, ಸಂಧ್ಯಾ-ಸಂಜೆ ಎಂದು ಜೋಡಿಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಪರೀಕ್ಷೆಯಲ್ಲಿಯೂ ಅಷ್ಟನ್ನೇ ಕೇಳುತ್ತಾರೆ. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣಗ್ರಂಥ ಶಬ್ದಮಣಿದರ್ಪಣದ ಅಪಭ್ರಂಶ (ಅಂದರೆ ತದ್ಭವ) ಪ್ರಕರಣದಲ್ಲಿ ಶಕಾರ ಸಕಾರವಾಗುವುದು, ಯಕಾರ ಜಕಾರವಾಗುವುದು ಮುಂತಾದ ನಿಯಮಗಳನ್ನು ಕಟ್ಟಿಕೊಟ್ಟಿದ್ದಾನೆ. ನಮ್ಮ ಪಾಠ ಆ ನಿಯಮಗಳನ್ನು ಬಿಟ್ಟು ಉದಾಹರಣೆಗಳನ್ನು ಮಾತ್ರ ಉಳಿಸಿಕೊಂಡಿದೆ. ಅದಕ್ಕಿಂತ ಮುಖ್ಯವಾಗಿ, ಈ ಮಾತುಗಳು ಸಂಸ್ಕೃತದಿಂದ ನೇರವಾಗಿ ಕನ್ನಡಕ್ಕೆ ಇಳಿದವಲ್ಲ. ಕಜ್ಜ ಎಂಬ ರೂಪ ಪ್ರಾಕೃತದಲ್ಲಿಯೇ ಇದೆ. ವಿದ್ಯಾ ಎಂಬುದು ಅಲ್ಲಿ ವಿಜ್ಜಾ ಆಗಿ, ಕನ್ನಡದಲ್ಲಿ ವಕಾರ ಬಕಾರವಾಗಿ ಬಿಜ್ಜೆಯಾಯಿತು. ನಡುವಣ ಈ ಮೆಟ್ಟಿಲನ್ನು ಕಾಣಿಸದೆ ಹೋದರೆ ವಿದ್ಯಾರ್ಥಿಗೆ ತದ್ಭವವೆಂದರೆ ಹಳ್ಳಿಗರ ಬಾಯಲ್ಲಿ ಕೆಟ್ಟುಹೋದ ಸಂಸ್ಕೃತ ಎಂಬ ಭಾವನೆ ಬರುತ್ತದೆ, ಬಂದೂ ಇದೆ.

ಕಳೆದ ವಾರ ವಿದ್ಯಾರ್ಥಿನಿಯೊಬ್ಬಳು ಸಂಸ್ಕೃತದಲ್ಲಿ ನೀರ ಎಂಬ ಪದ ಇರುವುದರಿಂದ ನಮ್ಮ ನೀರು ತದ್ಭವವೇ ಎಂದು ಕೇಳಿದಳು. ವೇದದಲ್ಲಿ ನೀರಿಗೆ ಸಾಮಾನ್ಯವಾಗಿ ಬರುವ ಮಾತುಗಳು ಅಪ್, ಉದಕ. ನೀರ್ ಎಂಬುದು ತಮಿಳು, ತುಳುಗಳಲ್ಲಿಯೂ ಮನೆಮಾತು. ಆದುದರಿಂದ ಇದು ದ್ರಾವಿಡದಿಂದ ಸಂಸ್ಕೃತಕ್ಕೆ ಹೋದದ್ದೆಂದು ವಿದ್ವಾಂಸರು ಹೇಳುತ್ತಾರೆಂದು ಉತ್ತರಿಸಿದೆ. ಹೀಗೆ ಸಂಸ್ಕೃತಕ್ಕೆ ಹೋಗಿರಬಹುದಾದ ಪದಗಳ ಪಟ್ಟಿಯನ್ನು ಕಿಟ್ಟೆಲರು 1894ರ ನಿಘಂಟಿನ ಮುನ್ನುಡಿಯಲ್ಲಿಯೇ ಕೊಟ್ಟಿದ್ದಾರೆ. ಆದರೆ ನಮ್ಮ ಪಾಠದ ದೇಶ್ಯ, ಅನ್ಯದೇಶ್ಯ, ತತ್ಸಮ, ತದ್ಭವ ಎಂಬ ನಾಲ್ಕು ಕೋಣೆಗಳಲ್ಲಿ ಇಂಥ ಪದದ ಹಿಮ್ಮುಖ ಪಯಣಕ್ಕೆ ಹೆಸರೇ ಇಲ್ಲ.

ಆದುದರಿಂದ ನನ್ನ ಪ್ರಶ್ನೆಗಳು ಎರಡು. ವ್ಯುತ್ಪತ್ತಿಯನ್ನು ಪದರಚನೆಗೂ ನಿಷ್ಪತ್ತಿಯನ್ನು ಪದಚರಿತ್ರೆಗೂ ಮೀಸಲಿಡುವುದಕ್ಕೆ ಹಿಂದಿನವರ ಬರಹಗಳಲ್ಲಿ ಆಧಾರವಿದೆಯೇ? ಮುಕ್ತಾ ಎಂಬುದರಿಂದ ಮುತ್ತು ಬಂತೆಂದು ಹೇಳುವುದು ವಾಡಿಕೆಯಾದರೂ, ಮುತ್ತನ್ನೇ ಸಂಸ್ಕೃತೀಕರಿಸಿ ಮುಕ್ತಾ ಮಾಡಿಕೊಂಡರೆಂಬ ವಾದವೂ ಇರುವಾಗ, ಇಂಥ ಪದವನ್ನು ಟಿಪ್ಪಣಿಯಲ್ಲಿ ಯಾವ ತಲೆಬರಹದಡಿ ಸೇರಿಸುವುದು ಯುಕ್ತ?